ಶಿಬಿರಕ್ಕೆ ಹೋಗದ ರತ್ನಮಾಲಾ

ಕಿಮೋ ಕೊಟ್ಟರೆ ಕೂದಲು ಉದುರುತ್ತದೆ ಎಂದು ಕಲಬುರಗಿಯ ಡಾಕ್ಟರ್ ಹೇಳಿದಾಗ ರತ್ನಮಾಲಾ ಕೇಳಿದ್ದು ಒಂದೇ ಪ್ರಶ್ನೆ.

"ಒಮ್ಮಿಗೇ ಬೀಳತಾವೇನ್ರಿ, ಒಂದೊಂದ ಬೀಳತಾವ?"

ಚೆಂದದ ಚಿಂತೆ ಇರಬೇಕು ಎಂದುಕೊಂಡ ಡಾಕ್ಟರ್, "ಮತ್ತೆ ಬರುತ್ತವೆ ಬಿಡಮ್ಮ" ಎಂದರು. ಅವಳು ಕೇಳಿದ್ದು ಅದಲ್ಲ. ದುಬಲಗುಂಡಿಯ ಶಾಲೆಯಲ್ಲಿ ಅವಳು ಹನ್ನೆರಡು ವರ್ಷದಿಂದ ಬಿಸಿಯೂಟ ಮಾಡುತ್ತಿದ್ದಳು. ಸೇರಿದ ಮೊದಲ ವರ್ಷ, ಅವಳ ಕೈಯ ಅಡುಗೆ ತಮ್ಮ ಮಕ್ಕಳು ಉಣ್ಣಬಾರದು ಎನ್ನುವ ನಾಲ್ಕು ಮನೆಯವರು ಒಂದು ಕೂದಲನ್ನು ತಟ್ಟೆಯಲ್ಲಿಟ್ಟು ಹೆಡ್‌ಮಾಸ್ತರರ ಮುಂದೆ ಹಿಡಿದಿದ್ದರು. ಅದು ಮೆಹಂದಿ ಹಚ್ಚಿದ ಕೆಂಪು ಕೂದಲು. ರತ್ನಮಾಲಾಳದು ಆಗ ಕಪ್ಪು. ಅದನ್ನು ಯಾರೂ ನೋಡಲಿಲ್ಲ. ಅಂದಿನಿಂದ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟದೆ ಅವಳು ಒಲೆ ಹಚ್ಚಿದ್ದಿಲ್ಲ.

ಎಡ ಮೊಲೆಯ ಗಂಟು ಹುಣಸೆ ಬೀಜದಷ್ಟಿದ್ದಾಗ ಸಿಕ್ಕಿತ್ತು. ಆಪರೇಷನ್ ಆಯಿತು. ಅದು ಸೆರಗಿನ ಒಳಗಿನ ಮಾತು, ಹೇಗೋ ಮುಚ್ಚಿತು. ತಲೆ ಹಾಗಲ್ಲ. ಸೆರಗು ಎಷ್ಟು ಮುಂದೆ ಎಳೆದರೂ ಕಪಾಳದ ಪಕ್ಕ, ಹಣೆಯ ಅಂಚು ಕಾಣುತ್ತದೆ. ಕಂಡರೆ ಕೇಳುತ್ತಾರೆ, ಕೇಳಿದರೆ ಕ್ಯಾನ್ಸರ್ ಎನ್ನಬೇಕು, ಎಂದರೆ ಇಪ್ಪತ್ತೆರಡರ ಮಗಳು ಧನಶ್ರೀಗೆ ಗಂಡು ಸಿಗುವುದಿಲ್ಲ. ಈ ಲೆಕ್ಕದಲ್ಲಿ ಅವಳು ಆರು ವಾರ ಕಳೆದಳು. ಇಂದು ಜ್ವರ, ನಾಳೆ ಬಸ್ಸಿಲ್ಲ ಎನ್ನುತ್ತ ಕಿಮೋ ಮುಂದೂಡಿದಳು.

ದಾರಿ ತೋರಿಸಿದವಳು ಅತ್ತೆ ಕಮಳಾಬಾಯಿ. ಅವರದು ಬೌದ್ಧ ಮನೆತನ. ದೇವರಿಗೆ ಮುಡಿ ಕೊಟ್ಟೆ ಎಂದರೆ ಓಣಿ ನಗುತ್ತದೆ. ಆದರೆ ಹತ್ತು ದಿನ ತಲೆ ಬೋಳಿಸಿಕೊಂಡು, ಭಿಕ್ಷುಗಳ ಕಾವಿ ಚೀವರ ಉಟ್ಟು, ಬೌದ್ಧ ಗುರು ಭಂತೇಜಿಯ ಹತ್ತಿರ ಇದ್ದು ಬರುವ ಶ್ರಾಮಣೇರ ಶಿಬಿರ ಇದೆಯಲ್ಲ?

"ಶಿಬಿರಕ್ಕ ಹೋಗಿದ್ಲು ಅಂದ್ರ ಆತು. ಯಾರು ಹೋಗಿ ನೋಡತಾರ?" ಎಂದಳು ಮುದುಕಿ.

ಗಂಡ ಲಾಲಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಮಾತು ಕಡಿಮೆ. "ಅವ್ವ ಹೇಳಿದಂಗ ಮಾಡು" ಎಂದ.

ಮೊದಲ ಡೋಸು ಆಗಿ ಹದಿನಾರನೆಯ ದಿನ ದಿಂಬಿನ ಮೇಲೆ ಹಿಡಿಯಷ್ಟು ಕೂದಲು ಬಂತು. ಶಾಲೆಯಲ್ಲಿ ಅವಳ ಜೊತೆ ಅಡುಗೆ ಮಾಡುವ ಬಿಸ್ಮಿಲ್ಲಾ ಬೀ, ತನ್ನ ಮಗ ಯುನೂಸನ ಗಡ್ಡದ ಮಷೀನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಬಾಗಿಲು ಹಾಕಿ ಕೂರಿಸಿ ಹಿಂದಿನಿಂದ ಮುಂದಕ್ಕೆ ಬೋಳಿಸಿದಳು. ರತ್ನಮಾಲಾ ಕಣ್ಣು ಮುಚ್ಚಿಯೇ ಇದ್ದಳು.

"ನಮ್ಮ ಸಾಲಿ ಹಂಡೆ ಒಂದಿನಾನೂ ಇಷ್ಟ್ ಸಾಫ್ ಆಗಿಲ್ಲ ನೋಡವ್ವಾ" ಎಂದಳು ಬಿಸ್ಮಿಲ್ಲಾ ಬೀ.

"ಹಂಡೆ ತಿಕ್ಕೋ ಪಾಳಿ ನಿಂದಿತ್ತು, ಅದಕ್ಕ" ಎಂದಳು ರತ್ನಮಾಲಾ. ಆಮೇಲೆ ಇಬ್ಬರೂ ಅತ್ತರು. ಕೂದಲನ್ನು ಬಿಸ್ಮಿಲ್ಲಾ ಬೀಯೇ ಗುಡಿಸಿ ಒಯ್ದಳು.

ಸುಳ್ಳು ಎಣಿಸಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಶಿಬಿರ ಮುಗಿಸಿ ಬಂದವಳೆಂದು ಕೇರಿಯವರು ಕೈ ಮುಗಿದರು. ಬಾಣಂತಿಯರು ಕೂಸನ್ನು ತಂದು ಅವಳ ಕಾಲಿಗೆ ಹಾಕಿದರು. ಕಿಮೋದ ಕೆಂಪು ಔಷಧಿಯ ವಾಂತಿಯನ್ನು ಹಲ್ಲು ಕಚ್ಚಿ ತಡೆದುಕೊಂಡು ಅವಳು ಹರಸಿದಳು. ಒಂದೇ ತೊಂದರೆ: ಬೋಳಿಸಿದ ಕೂದಲು ತಿಂಗಳಿಗೆ ಒಂದು ಸೆಂಟಿಮೀಟರು ಬೆಳೆಯಬೇಕು. ತಿಂಗಳಾದರೂ ತಲೆ ಹಾಗೇ ಇತ್ತು, ಹುಬ್ಬೂ ತೆಳುವಾಗುತ್ತಿತ್ತು. ಕೇಳಿದವರಿಗೆ ಕಮಳಾಬಾಯಿ, "ವಾರಕ್ಕೊಮ್ಮೆ ತಾನ ಬೋಳಿಸ್ಕೋತಾಳ್ರಿ, ಶ್ರದ್ಧಾ ಅದ" ಎನ್ನುತ್ತಿದ್ದಳು.

ಆ ಶ್ರದ್ಧೆಯ ಸುದ್ದಿ ಹುಮನಾಬಾದ ದಾಟಿ ಬಸವಕಲ್ಯಾಣಕ್ಕೆ ಹೋಯಿತು. ಅಲ್ಲಿಯ ಯಶೋದಾಬಾಯಿಯ ಮಗ ಸಂಘಪಾಲ ಲೈನ್‌ಮನ್. ಇಂಥ ತಾಯಿಯ ಮಗಳು ಬೇಕು ಎಂದು ಅವರೇ ಕೇಳಿಕೊಂಡು ಬಂದರು. ಹುಡುಗ, ಹುಡುಗಿ ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ಎರಡು ಸಲ ಚಹಾ ಕುಡಿದರು. ಧನಶ್ರೀ ಮನೆಯಲ್ಲಿ ಕಾರಣವಿಲ್ಲದೆ ನಗತೊಡಗಿದಳು.

ಮಾತು ಗಟ್ಟಿ ಮಾಡಲು ಯಶೋದಾಬಾಯಿ ಬಂದದ್ದು ಒಂದು ಗುರುವಾರ. ಬಂದವಳೇ ರತ್ನಮಾಲಾಳ ಪಾದಕ್ಕೆ ಬಾಗಿದಳು. ವಯಸ್ಸಿನಲ್ಲಿ ಯಶೋದಾಬಾಯಿಯೇ ಎಂಟು ವರ್ಷ ದೊಡ್ಡವಳು.

"ಬರೋ ಮಂಗಳವಾರ ಹುಣ್ಣಿಮಿ ಅದರಿ. ಅವತ್ತ ಬಸವಕಲ್ಯಾಣದಾಗ ನಿಶ್ಚಯ ಮಾಡೂಣು. ಪಂಚಶೀಲ ನೀವ ಹೇಳಿಕೊಡಬೇಕು."

ಮಂಗಳವಾರ ನಾಲ್ಕನೆಯ ಡೋಸು. ಇಪ್ಪತ್ತೊಂದು ದಿನಕ್ಕೊಂದು ಆಗಬೇಕಾದದ್ದು. ಮೊದಲಿಗೆ ಅವಳೇ ಆರು ವಾರ ತಡ ಮಾಡಿದ್ದಳು. ಮೂರನೆಯ ಡೋಸು ರಕ್ತದಲ್ಲಿ ಬಿಳಿ ಕಣ ಕಡಿಮೆಯಾಗಿ ಒಂದು ವಾರ ನಿಂತಿತ್ತು. ಇನ್ನು ನಿಮ್ಮ ಕಡೆಯಿಂದ ಒಂದು ದಿನವೂ ತಪ್ಪಬಾರದು ಎಂದು ಡಾಕ್ಟರ್ ಫೈಲಿನ ಮೇಲೆ ತಾರೀಖಿಗೆ ಎರಡು ಗೆರೆ ಎಳೆದು ಕೊಟ್ಟಿದ್ದರು.

"ಮಂಗಳವಾರ ಆಗಂಗಿಲ್ರಿ" ಎಂದಳು ರತ್ನಮಾಲಾ.

"ಯಾಕ್ರಿ, ಏನದ ಅವತ್ತ?"

"ಏನಿಲ್ಲ" ಎಂದ ಲಾಲಪ್ಪ. "ಆಗತದ. ಮಂಗಳವಾರನ ಮಾಡ್ರಿ."

"ಆಕಿಗಿ ಧ್ಯಾನ ಇರತದ, ಬಿಡತಾಳ" ಎಂದಳು ಕಮಳಾಬಾಯಿ.

ಧನಶ್ರೀ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಾಯಿಯ ಮುಖ ನೋಡಿ ತಲೆಯನ್ನು ಸಣ್ಣಗೆ, ಬೇಡ ಎಂಬಂತೆ ಅಲ್ಲಾಡಿಸಿದಳು. ರತ್ನಮಾಲಾ ಅದನ್ನು ನೋಡಿದಳು. ನೋಡಿಯೂ ಹೇಳಿದಳು.

"ಮಂಗಳವಾರ ಕಲಬುರಗಿ ದವಾಖಾನಿಗಿ ಹೋಗಬೇಕ್ರಿ. ನನಗ ಕ್ಯಾನ್ಸರ್ ಆಗ್ಯದ. ಕೂದಲಾ ಔಷಧಿಗಿ ಹೋಗ್ಯಾವ. ನಾ ಯಾವ ಶಿಬಿರಕ್ಕೂ ಹೋಗಿಲ್ಲ."

ಯಶೋದಾಬಾಯಿ ತನ್ನ ಎರಡೂ ಅಂಗೈ ನೋಡಿಕೊಂಡಳು. ಧನಶ್ರೀ ತಂದ ಚಹಾವನ್ನು ಪೂರ್ತಿ ಕುಡಿದಳು.

"ಮೊದಲ ಹೇಳಿದ್ರ ನಡೀತಿತ್ತು ರತ್ನಮಾಲಾಬಾಯಿ. ನನ್ನ ಕಡಿಂದ ಕಾಲ ಮುಟ್ಟಿಸಿಕೊಂಡ್ರಿ" ಎಂದಳು. ಚಪ್ಪಲಿ ಮೆಟ್ಟುವಾಗ ದನಿ ತಗ್ಗಿಸಿ, "ಹುಡುಗೀನೂ ಒಮ್ಮೆ ಡಾಕ್ಟರಿಗಿ ತೋರಿಸ್ರಿ. ಫೋನ್ ಮಾಡತೀನಿ" ಎಂದಳು.

ಮೊದಲೇ ಹೇಳಿದ್ದರೆ ಅವರು ಈ ಹೊಸ್ತಿಲನ್ನೇ ತುಳಿಯುತ್ತಿರಲಿಲ್ಲ. ಅದು ರತ್ನಮಾಲಾಳಿಗೂ ಗೊತ್ತಿತ್ತು, ಯಶೋದಾಬಾಯಿಗೂ ಗೊತ್ತಿತ್ತು.

"ಒಂದ್ ವಾರ ಬಾಯಿ ಮುಚ್ಚಿದ್ರ ಸಾಯ್ತಿದ್ದೇನು?" ಎಂದು ಕೇಳಿದಳು ಕಮಳಾಬಾಯಿ.

"ಗೊತ್ತಿಲ್ಲ ಅತ್ತಿ. ಅದಕ್ಕ ಹೇಳಿದೆ."

ಮಂಗಳವಾರದವರೆಗೂ ಫೋನ್ ಬರಲಿಲ್ಲ. ಅಂದು ಲಾಲಪ್ಪ ಕೆಲಸಕ್ಕೆ ಹೋದ. ದಿನಾ ಎಂಟಕ್ಕೆ ಹೋಗುವವನು ಆರಕ್ಕೇ ಹೋದ. ಶಾಲೆಯ ಅಡುಗೆ ಬಿಸ್ಮಿಲ್ಲಾ ಬೀ ಒಬ್ಬಳ ಮೇಲೆ ಬಿದ್ದಿತ್ತು. ರತ್ನಮಾಲಾ ಒಬ್ಬಳೇ ಬಸ್ಸು ಹತ್ತಿದಳು. ಬಸ್ಸು ಹೊರಡುವಾಗ ಧನಶ್ರೀ ಹಿಂದಿನ ಬಾಗಿಲಿನಿಂದ ಹತ್ತಿ, ಮೂರು ಸೀಟು ಬಿಟ್ಟು ಕುಳಿತಳು. ಹುಮನಾಬಾದಿನಲ್ಲಿ ಬಸ್ಸು ಬದಲಿಸಿದಾಗಲೂ ಹಾಗೆಯೇ.

ದವಾಖಾನೆಯಲ್ಲಿ ನರ ಸಿಗಲು ಮೂರು ಸಲ ಚುಚ್ಚಬೇಕಾಯಿತು. ಕೆಂಪು ಔಷಧಿ ಕೊಳವೆಯಲ್ಲಿ ಇಳಿಯತೊಡಗಿದ ಮೇಲೆ ಧನಶ್ರೀ ಐದು ದಿನಗಳಲ್ಲಿ ಮೊದಲ ಮಾತು ಆಡಿದಳು.

"ನನಗೂ ಬರತದೇನು?"

"ಹತ್ತರಾಗ ಒಂಬತ್ತು ಮಂದಿಗಿ ಇದು ರಕ್ತದಿಂದ ಬಂದಿರಂಗಿಲ್ಲಂತ. ಡಾಕ್ಟರ್ ಹೇಳ್ಯಾರ."

"ಅದನ್ನ ಅವರಿಗಿ ಹೇಳಬೇಕಿತ್ತಲ್ಲ?"

"ಅವರು ಒಂಬತ್ತು ಎಣಸತಿದ್ರೇನು? ಒಂದನ್ನ ಹಿಡಕೊಂಡು ಕೂಡತಿದ್ರು."

"ನೀನೂ ಅದನ್ನ ಮಾಡಿದಿ" ಎಂದಳು ಧನಶ್ರೀ. "ಒಬ್ಬರನ್ನೂ ಕೇಳಿ ನೋಡಲಿಲ್ಲ."

ರತ್ನಮಾಲಾಳ ಬಾಯಿಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಬಂದಿತ್ತು. ಧನಶ್ರೀ ಎದ್ದು ಹೊರಗೆ ಹೋದಳು. ಚೀಲ ಖಾಲಿಯಾಗುವವರೆಗೂ ಬರಲಿಲ್ಲ. ಬಂದಾಗ ಕಣ್ಣು ಊದಿದ್ದವು. ನರ್ಸಿನ ಮೇಜಿನ ಹತ್ತಿರ ನಿಂತು ಐದನೆಯ ಡೋಸಿನ ತಾರೀಖು ಕೇಳಿ ಫೈಲಿನ ಮೇಲೆ ಬರೆದುಕೊಂಡಳು. ಯಾವತ್ತು ಎಂದು ತಾಯಿಗೆ ಹೇಳಲಿಲ್ಲ. ಫೈಲನ್ನು ಕಂಕುಳಲ್ಲಿಟ್ಟುಕೊಂಡು ಮುಂದೆ ನಡೆದಳು.