ಬೆನ್ನು ಸುಟ್ಟುಕೊಂಡ ರೊಟ್ಟಿ

ನಾನು ಚಿಕ್ಕವನಿದ್ದಾಗ ಒಂದು ಸಲ ಊಟದ ಜೊತೆಗೇ ಟೂ ಬಿಟ್ಟಿದ್ದೆ. ಬೇಕಂತಲೇ ಬಿಟ್ಟದ್ದಲ್ಲ ಮಕ್ಕಳೇ, ಜ್ವರ ಬಿಡಿಸಿದ್ದು. ಮೈ ಬಿಸಿ ಇಳಿದಿತ್ತು. ಬಾಯಿ ಮಾತ್ರ ಬೇವಿನ ಎಲೆ ಅಗಿದಂತೆ ಕಹಿಯಾಗಿಯೇ ಉಳಿದಿತ್ತು. ಗಂಜಿ ತಂದರೆ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದೆ. ಹಾಲಿನ ವಾಸನೆಗೇ ಮೂಗು ಮುಚ್ಚಿಕೊಳ್ಳುತ್ತಿದ್ದೆ.

ಗಜೇಂದ್ರಗಡದ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ದೊಡ್ಡ ಕೋಣೆ. ಒಂದು ಬದಿಗೆ ಅಪ್ಪ ಸೀರೆ ನೇಯುವ ಮಗ್ಗ, ಇನ್ನೊಂದು ಬದಿಗೆ ಅವ್ವನ ಒಲೆ, ನಡುವೆ ನನ್ನ ಹಾಸಿಗೆ. ಒಂದು ದಿನ ಬೆಳಿಗ್ಗೆ ದವಾಖಾನೆಯಲ್ಲಿ ಡಾಕ್ಟರು ನನ್ನ ನಾಲಿಗೆ ನೋಡಿ, "ಇವತ್ತ ಹೊಟ್ಟಿಗೆ ಏನರ ಹೋಗಬೇಕ್ರಿ. ಇಲ್ಲಾಂದ್ರ ನಾಳೆ ದವಾಖಾನಿಯಾಗ ಮಲಗಿಸಿ ಸಲಾಯಿನ್ ಹಚ್ಚಬೇಕಾಗ್ತೈತಿ" ಎಂದಿದ್ದರು. ಅವ್ವ ಮನೆಗೆ ಬಂದವಳೇ ಒಲೆಯ ಮುಂದೆ ಕೂತಳು. ಅಪ್ಪ ಮಗ್ಗಕ್ಕೆ ಕೂತರು. ಆದರೆ ಎಳೆ ಮತ್ತೆ ಮತ್ತೆ ಹರಿಯುತ್ತಿತ್ತು.

ಅಕ್ಕ ಟ್ರಂಕಿನಿಂದ ಹಳೆಯ ಮದುವೆ ಕಾರ್ಡುಗಳನ್ನು ತೆಗೆದಳು. ಅವುಗಳ ಖಾಲಿ ಬೆನ್ನಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ನೆನೆಸಿದ ಅರಿಷಿಣ, ಕುಂಕುಮದಿಂದ ಬಣ್ಣ ತುಂಬಿದಳು. ಮಗ್ಗದ ಕೆಳಗೆ ಬಿದ್ದಿದ್ದ ಕೆಂಪು ನೂಲಿನಿಂದ ಹೊಲಿದು ಪುಸ್ತಕ ಮಾಡಿಕೊಂಡು ನನ್ನ ಪಕ್ಕ ಬಂದು ಕೂತಳು.

ಮೊದಲ ಪುಟದಲ್ಲಿ ಒಂದು ಜೋಳದ ರೊಟ್ಟಿ. ಅದಕ್ಕೆ ಎರಡು ಕಣ್ಣು, ಹುರಿಮೀಸೆ, ಕಡ್ಡಿಯಂಥ ಕಾಲು. ರೊಟ್ಟಿ ನರೇಗಲ್ ಸಂತೆಗೆ ಹೊರಟಿತ್ತು. ದಾರಿಯಲ್ಲಿ ಬದನೆಕಾಯಿ ಗೌಡರು ಎದುರಾದರು. ಹೊಟ್ಟೆಯ ತುಂಬ ಮಸಾಲೆ ತುಂಬಿಕೊಂಡಿದ್ದರಿಂದ ಅವರಿಗೆ ನಡೆಯಲು ಬರುತ್ತಿರಲಿಲ್ಲ, ಉರುಳುತ್ತಲೇ ಬರುತ್ತಿದ್ದರು. ಮುಂದಿನ ಪುಟದಲ್ಲಿ ಕೆಂಪು ಚಟ್ನಿ. "ನನಗ ಕಾಲಿಲ್ಲ, ಹೊತ್ಕೊಂಡ ಹೋಗೋ" ಎನ್ನುತ್ತಾ ಅದು ರೊಟ್ಟಿಯ ಬೆನ್ನ ಮೇಲೆ ಹತ್ತಿ ಕೂತುಬಿಟ್ಟಿತು.

"ಸ್ವಲ್ಪ ದೂರ ಹೋಗೂದ್ರಾಗ ರೊಟ್ಟಿ ಬೆನ್ನ ಉರಿಯಾಕ ಹತ್ತಿತು. ಅಯ್ಯಯ್ಯೋ, ಯಾರರ ಈ ಚಟ್ನೀನ ಇಳಸ್ರಿ ಅಂತ ಊರ ತುಂಬ ಓಡಿತು!" ಎಂದು ಅಕ್ಕ ತಾನೇ ಬೆನ್ನು ಹಿಡಿದುಕೊಂಡು ಹಾಸಿಗೆಯ ಸುತ್ತ ಕುಣಿದಳು. ನನಗೆ ನಗು ಬಂತು. ಎಷ್ಟೋ ದಿನದಿಂದ ನಗದೆ ಇದ್ದದ್ದಕ್ಕೆ ಮೊದಲು ಕೆಮ್ಮಿನಂತೆ ಬಂತು, ಆಮೇಲೆ ನಿಜವಾಗಿಯೇ ಬಂತು. ಮಗ್ಗದ ಸದ್ದು ನಿಂತಿತು. ಅಪ್ಪ ಕತ್ತು ಚಾಚಿ, "ಮುಂದ?" ಎಂದರು.

ಅಕ್ಕ ಪುಟ ತಿರುವಿದಳು. ಅದು ಖಾಲಿ ಇತ್ತು. "ಮುಂದಿನ ಚಿತ್ರ ಇನ್ನೂ ತೆಗದಿಲ್ಲಪ್ಪಾ" ಎಂದಳು.

ನನಗೆ ತಡೆಯಲಾಗಲಿಲ್ಲ. "ಮತ್ತ ಅದು ಹಂಗ ಓಡ್ಕೋತ ಇರ್ಬೇಕೇನು? ಬೆನ್ನಿಗೆ ಮೊಸರರ ಹಚ್ರಿ!" ಎಂದು ಕೂಗಿದೆ.

ಅವ್ವ ಹಂಚಿನಿಂದ ಆಗಷ್ಟೇ ಇಳಿಸಿದ ಮೆತ್ತನೆಯ ರೊಟ್ಟಿಯ ಮೇಲೆ ಒಂದು ಚಿಟಿಕೆ ಚಟ್ನಿ ಇಟ್ಟು, ಮೊಸರಿನ ಬಟ್ಟಲ ಜೊತೆ ನನ್ನ ಮುಂದೆ ತಂದಿಟ್ಟಳು. "ತಗೋ, ನೀನ ಹಚ್ಚು. ಪಾಪ, ಭಾಳ ಉರಿಯಾಕ ಹತ್ತೈತಿ" ಎಂದಳು.

ಬಿಸಿ ರೊಟ್ಟಿಯ ಬೆನ್ನಿಗೆ ತಣ್ಣನೆಯ ಮೊಸರನ್ನು ಬೆರಳಿನಿಂದ ಸವರಿದೆ. ಹಬೆಯ ಜೊತೆ ಜೋಳದ ಘಮ ಮೂಗಿಗೆ ಬಂತು. ಬೆರಳು ನೆಕ್ಕಿದೆ. ಹುಳಿ, ಅದರ ಹಿಂದೆಯೇ ಚುರುಕ್ಕೆಂದು ಖಾರ! ಕಹಿ ಎಲ್ಲಿ ಹೋಯಿತೋ. ಒಂದು ಚೂರು ಮುರಿದು ಬಾಯಿಗಿಟ್ಟೆ, ಇನ್ನೊಂದು ಮುರಿದೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಮಾತ್ರ ಗಂಭೀರವಾಗಿ, "ಅದರ ಉರಿ ಇನ್ನೂ ಪೂರ್ತಿ ಹೋಗಿಲ್ಲ ಕಾಣಸ್ತೈತಿ, ಇನ್ನೊಂದ ತುತ್ತ ತಗೋ" ಎಂದರು. ಮರುದಿನ ದವಾಖಾನೆಗೆ ಹೋಗುವ ಪ್ರಸಂಗವೇ ಬರಲಿಲ್ಲ.

ಈಗ ನೋಡಿ ಮಕ್ಕಳೇ, ನಿಮ್ಮ ಪುಸ್ತಕಗಳ ಪುಟ ಎಷ್ಟು ನುಣುಪು! ಅವುಗಳಲ್ಲಿ ಐಸ್‌ಕ್ರೀಮ್ ಹಾರುತ್ತದೆ, ಇಡ್ಲಿ ಈಜುತ್ತದೆ. ನೀವು ತಟ್ಟೆಯ ಮುಂದೆ ಮೊಬೈಲ್ ಇಟ್ಟುಕೊಂಡು ಉಣ್ಣುತ್ತೀರಿ. ಅಂಥ ಮನೆಗಳಲ್ಲಿ ಅಕ್ಕನ ಕಥೆಗೆ ಜಾಗವಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಆದರೆ ನಿನ್ನೆ ನಿಮ್ಮಲ್ಲಿ ಚಿಕ್ಕವಳು ವಿಡಿಯೋ ಕಾಲ್‌ನಲ್ಲಿ ನನ್ನ ಅಕ್ಕನಿಗೆ ತನ್ನ ಪುಸ್ತಕದ ನೂಡಲ್ಸ್ ಕೂದಲಿನ ರಾಣಿಯನ್ನು ತೋರಿಸಿದಳು. ಅಕ್ಕ ಕನ್ನಡಕ ಏರಿಸಿಕೊಂಡು, ಬಹಳ ಹೊತ್ತು ನೋಡಿ ಕೇಳಿದಳು:

"ಯವ್ವಾ, ಈಕಿ ಸಾಲಿಗೆ ಹೊಂಟಾಳೇನು? ತಲಿ ಯಾಕ ಬಾಚ್ಕೊಂಡಿಲ್ಲ?"

ಚಿಕ್ಕವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಅಡುಗೆಮನೆಗೆ ಓಡಿ, ರಾಣಿಯ ತಲೆ ಬಾಚಲು ಒಂದು ಫೋರ್ಕ್ ತಂದಳು.