ಫಾದರ್ ಪುಸ್ತಕದ ಒಂದು ಪದ

ಅಟ್ಟದಿಂದ ಹಳೆಯ ಕಾಗದ ಇಳಿಸುತ್ತಿದ್ದಾಗ ಮೊನ್ನೆ ಒಂದು ಕಟ್ಟು ಕರಡು ಸಿಕ್ಕಿತು. ಅಂಚಿನ ತುಂಬ ನನ್ನದೇ ಕೆಂಪು ಶಾಯಿ. ಆಗ ನನಗೆ ತಿದ್ದುವ ಚಟ ಎಷ್ಟಿತ್ತೆಂದರೆ, ಮದುವೆ ಕಾಗದ ಬಂದರೂ ಮೊದಲು ಒತ್ತಕ್ಷರ ನೋಡಿ ಆಮೇಲೆ ಮುಹೂರ್ತ ನೋಡುತ್ತಿದ್ದೆ. ನಿಮ್ಮ ಪರಿಚಯದಲ್ಲೂ ಇಂಥವನೊಬ್ಬ ಇದ್ದಾನು.

ಕರಡು ಒಬ್ಬ ಫಾದರ್ ಬರೆದದ್ದು. ಕಥೋಲಿಕ ದೇವಶಾಸ್ತ್ರವನ್ನು ಹೊಸಬರಿಗೂ ತಿಳಿಯುವಂಥ ಕನ್ನಡದಲ್ಲಿ ಹೇಳಬೇಕೆಂದು ಅವರ ಆಸೆ. ಎಪ್ಪತ್ತು ದಾಟಿದ್ದರೂ ಲಕ್ಷ್ಮೀಪುರಂನ ನಮ್ಮ ಮನೆಗೆ ನಡೆದೇ ಬರುತ್ತಿದ್ದರು. ನಮ್ಮದು ಲಿಂಗ ಕಟ್ಟುವ ಮನೆ. "ನನಗೇನು ಗೊತ್ತು ಫಾದರ್?" ಎಂದೆ.

"ಗೊತ್ತಿಲ್ಲದೋರೇ ಬೇಕು ಕಣ್ರೀ. ಅರ್ಥ ಆಗದ ಕಡೆ ಗೆರೆ ಎಳೀರಿ" ಎಂದರು.

ಗೆರೆ ಎಳೆಯುತ್ತಲೇ ಕಲಿತೆ. ಕ್ರೈಸ್ತರೆಲ್ಲ ಒಂದೇ ಎಂದುಕೊಂಡಿದ್ದವನು ನಾನು. ಏಸುವನ್ನು ನಂಬುವುದರಲ್ಲಿ ಒಂದೇ. ಅಲ್ಲಿಂದಾಚೆ ದಾರಿ ಕವಲೊಡೆಯುತ್ತದೆ. ಪ್ರೊಟೆಸ್ಟೆಂಟರಿಗೆ ಬೈಬಲ್ಲೇ ಕೊನೆಯ ಮಾತು. ಕಥೋಲಿಕರಿಗೆ ಬೈಬಲ್ಲಿನ ಜೊತೆಗೆ ಏಸುವಿನ ಶಿಷ್ಯರ ಕಾಲದಿಂದ ನಡೆದುಬಂದ ಪರಂಪರೆಯೂ ಬೇಕು, ಅದನ್ನು ಕಾಯುವ ಸಭೆಯೂ, ಅಂದರೆ ಚರ್ಚೂ ಬೇಕು. ಏಳು ಸಂಸ್ಕಾರಗಳು, ಸಂತರು, ಗುರುವಿನೆದುರು ಪಾಪ ಹೇಳಿಕೊಳ್ಳುವುದು, ಎಲ್ಲವನ್ನೂ ಫಾದರ್ ಮಗುವಿಗೆ ಹೇಳುವಂತೆ ಬರೆದಿದ್ದರು.

ಪ್ರೊಟೆಸ್ಟೆಂಟರ ಅಧ್ಯಾಯದಲ್ಲಿ ಮಾತ್ರ ದನಿ ಗಡುಸಾಗಿತ್ತು. ಅವರನ್ನು ಉದ್ದಕ್ಕೂ "ಅಗಲಿದ ಸಹೋದರರು" ಎಂದು ಕರೆದಿದ್ದರು. "ಪೇಪರಲ್ಲಿ ಶ್ರದ್ಧಾಂಜಲಿ ಹಾಕ್ತಾರಲ್ಲ, ಹಾಗೆ ಓದ್ಕೋತಾರೆ ಫಾದರ್. ಅಗಲಿದೋರು ಅಂದ್ರೆ ತೀರ್ಕೊಂಡೋರು ಅಂತ" ಎಂದೆ. ತಪ್ಪು ಹಿಡಿದೆನೆಂಬ ಹಿಗ್ಗು ಬೇರೆ.

ಅವರು ನಗಲಿಲ್ಲ. ಕನ್ನಡಕ ತೆಗೆದು ಕರಡಿನ ಮೇಲಿಟ್ಟರು. "ಇಲ್ಲೇ ವಿಜಯನಗರದಲ್ಲಿ ನನ್ನ ತಂಗಿ ಇದ್ದಾಳೆ. ಪ್ರೊಟೆಸ್ಟೆಂಟ್ ಹುಡುಗನ್ನ ಮದುವೆಯಾಗಿ ಅವರ ಸಭೆಗೇ ಸೇರ್ಕೊಂಡ್ಲು. ಮದುವೆಗೆ ನಾನು ಹೋಗ್ಲಿಲ್ಲ. ಅವಳ ಗಂಡ ಸತ್ತಾಗ್ಲೂ ಹೋಗ್ಲಿಲ್ಲ" ಎಂದರು. ಕರಡು ಎತ್ತಿಕೊಂಡು ಹೊರಟೇಬಿಟ್ಟರು.

ಹದಿನೈದು ದಿನ ಸುದ್ದಿಯಿಲ್ಲ. ನನ್ನ ನಾಲಿಗೆಯನ್ನು ನಾನೇ ಬೈದುಕೊಂಡೆ. ಆಮೇಲೆ ಕರಡು ಹಿಡಿದುಕೊಂಡೇ ಬಂದರು. ತಂಗಿ ಸಿಸಿಲಿಯಮ್ಮನ ಮನೆಗೆ ಹೋಗಿದ್ದರಂತೆ. ಬಾಗಿಲು ತೆಗೆದ ಆಕೆ ಮೊದಲು ಗುರುತೇ ಹಿಡಿಯಲಿಲ್ಲವಂತೆ. ಫಾದರ್ ಅಲ್ಲೇ ಕೂತು ಆ ಅಧ್ಯಾಯ ಓದಿ ಹೇಳಿದಾಗ ಆಕೆ, "ನಾನೆಲ್ಲಿ ಅಗಲಿದೆ ಕಣಣ್ಣ? ಬೇರೆ ಮನೆ ಮಾಡ್ದೆ, ಅಷ್ಟೇ. ಈ ಮನೆಗೆ ಬರ್ದೇ ಇದ್ದೋನು ನೀನು" ಎಂದರಂತೆ. ಇಷ್ಟು ಹೇಳುವಾಗ ಫಾದರ್ ಕಣ್ಣು ಒದ್ದೆಯಾಗಿತ್ತು. ಅಚ್ಚಾದ ಪುಸ್ತಕದಲ್ಲಿ "ಬೇರೆ ಮನೆ ಮಾಡಿಕೊಂಡ ಸೋದರ ಸೋದರಿಯರು" ಎಂದೇ ಇದೆ. ಆ ತಿದ್ದುಪಡಿ ನನ್ನದಲ್ಲ.

ಫಾದರ್ ತೀರಿಕೊಂಡು ಎರಡು ವರ್ಷವಾಯಿತು. ಸಿಸಿಲಿಯಮ್ಮನ ಕಣ್ಣು ಮಂಜಾಗಿದೆ. ಭಾನುವಾರ ಮಧ್ಯಾಹ್ನ ನಾನೇ ಹೋಗಿ ಅಣ್ಣನ ಪುಸ್ತಕ ಓದಿ ಹೇಳುತ್ತೇನೆ. ಪುಟಪುಟಕ್ಕೂ ವಾದ. ಕಳೆದ ವಾರ, ಸತ್ತವರ ಆತ್ಮ ಶುದ್ಧಿಯಾಗಿ ದೇವರನ್ನು ಸೇರಲೆಂದು ಬದುಕಿರುವವರು ಪ್ರಾರ್ಥಿಸಬೇಕೆನ್ನುವ ಅಧ್ಯಾಯ ಬಂತು.

"ಇದು ನಮ್ಮ ಬೈಬಲಲ್ಲಿಲ್ಲ. ನಾನು ಒಪ್ಪಲ್ಲ" ಎಂದರು. ಪುಟ ಮಗುಚಲು ಹೋದೆ.

"ತಾಳಿ. ಅಣ್ಣ ಒಪ್ಪಿದ್ದ. ಕಾಯ್ತಾ ಇರ್ತಾನೇನೋ" ಎಂದು ಕೈ ಜೋಡಿಸಿ ಕಣ್ಣು ಮುಚ್ಚಿದರು.

ನಾನು ಯಾವ ಸಭೆಗೂ ಸೇರಿದವನಲ್ಲ. ಹೇಗೆ ಪ್ರಾರ್ಥಿಸಬೇಕೆಂದೂ ತಿಳಿಯದು. ಪುಸ್ತಕ ಮಡಿಚಿ ನಾನೂ ಕಣ್ಣು ಮುಚ್ಚಿದೆ.