ಜಾಲಿ ಹಲಗೆ, ಸಾಗವಾನಿ ಹಲಗೆ

ರೊಟ್ಟಿ ತಾನಾಗಿ ತಟ್ಟೆಗೆ ಬಂದು ಬೀಳುವುದಿಲ್ಲ. ಯಾರೋ ಒಬ್ಬಳು ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು, ಮರದ ಹಲಗೆಯ ಮೇಲೆ ಅದನ್ನು ಬಡಿದಿರುತ್ತಾಳೆ. ಇದು ನಿಮಗೆ ಗೊತ್ತಿರಬೇಕಿತ್ತು. ಗುಡೂರಿನ ಅಹ್ಮದಸಾಬನಿಗೂ ಗೊತ್ತಿರಬೇಕಿತ್ತು.

ಆತನ ಹಿರಿಯ ಸೊಸೆ ರಂಜಾನಬಿ ಶಿರೂರಿನ ಮಗಳು. ಹದಿಮೂರಕ್ಕೆ ಈ ಮನೆ ಹೊಕ್ಕವಳು. ಹದಿನೆಂಟು ವರ್ಷ ಅವಳ ಕೈಯಲ್ಲಿ ಒಂದೇ ಜಾಲಿ ಹಲಗೆ. ಅತ್ತೆ ಸಾಯುವ ಮುಂಚೆ ಕೊಟ್ಟದ್ದು. ಕಲ್ಲಿನಷ್ಟು ಭಾರ, ಬಡಿದು ಬಡಿದು ನಡುವೆ ತುಸು ತಗ್ಗು. ಅಹ್ಮದಸಾಬ ದಿನಾ ಮೊದಲ ತುತ್ತಿಗೇ ಹೇಳುತ್ತಿದ್ದ: "ಈ ಮನ್ಯಾಗ ರೊಟ್ಟಿ ಅಂದ್ರ ರಂಜಾನಬಿ ಕೈದು." ಅವಳಿಗೆ ಕೂಲಿ ಎಂದರೂ ಆ ಮಾತೇ, ಒಡವೆ ಎಂದರೂ ಆ ಮಾತೇ.

ಸಾವಿರದ ಒಂಬೈನೂರ ಎಂಟರ ಸುಮಾರಿಗೆ ಕಿರಿಮಗ ಜಾಫರಸಾಬನ ಹೆಂಡತಿಯಾಗಿ ಬಾದಾಮಿಯಿಂದ ಸುಗರಾ ಬಂದಳು. ರೈಲಿನಲ್ಲಿ ಬಂದಿಳಿದ ಸಾಗವಾನಿಯಲ್ಲಿ ತವರಿನವರು ಅವಳಿಗೊಂದು ರೊಟ್ಟಿ ಹಲಗೆ ಮಾಡಿಸಿ ಕಳಿಸಿದ್ದರು. ಜೇನಿನ ಬಣ್ಣ, ಕನ್ನಡಿಯ ನುಣುಪು. ಮೂರನೆಯ ದಿನ ಮಾವ ಬಾಯಿ ಆಡಿಸುತ್ತ ಅಂದ: "ಸಣ್ಣ ಸೊಸಿ ರೊಟ್ಟಿ ಹೂವಿನಂಗ ಅದಾವ."

ಅಂದಿನಿಂದ ರಂಜಾನಬಿಯ ಹೊಟ್ಟೆಯಲ್ಲಿ ಒಲೆ ಆರಲಿಲ್ಲ. ಸುಗರಾ ಎಷ್ಟು ನೀರು ಹಾಕುತ್ತಾಳೆ, ಎಷ್ಟು ಏಟಿಗೆ ರೊಟ್ಟಿ ಹಿಗ್ಗುತ್ತದೆ, ಎಲ್ಲ ಕದ್ದು ನೋಡಿದಳು. ಕೈಯಲ್ಲಿ ಯಾವ ಹೆಚ್ಚಳವೂ ಕಾಣಲಿಲ್ಲ. ಹಾಗಾದರೆ ಹಲಗೆಯದೇ ಮಹಿಮೆ ಎಂದುಕೊಂಡು ಬಡಿಗ ದೇವಪ್ಪನ ಅಂಗಳಕ್ಕೆ ಹೋದಳು.

ದೇವಪ್ಪ ಮೂರು ಹಲಗೆ ಗೋಡೆಗೆ ಆನಿಸಿದ. "ಬೇವಿಂದು ಬ್ಯಾಡ, ರೊಟ್ಟಿಗೆ ಕಹಿ ಹತ್ತತೈತಿ. ಹುಣಸಿದು ನೋಡು ತಂಗಿ. ಎರಡು ವರ್ಷ ಒಣಗೇತಿ, ಒಂದ ತುಂಡು. ನಿನ್ನ ಮೊಮ್ಮಗಳು ಬಡದ್ರೂ ಸೀಳೂದಿಲ್ಲ."

"ನನಗ ಸಾಗವಾನಿ ಬೇಕು, ದೇವಪ್ಪಣ್ಣ. ಸುಗರಾನ ಹಲಗಿಗಿಂತ ಒಂದು ಗೇಣು ಅಗಲ ಇರಬೇಕು."

"ಅಷ್ಟು ಅಗಲ ಒಂದ ತುಂಡಿನ್ಯಾಗ ಸಿಗೂದಿಲ್ಲ. ಎರಡು ಜೋಡಸಬೇಕು. ಜೋಡಿಸಿದ್ದು ಕುಂಡ್ರಾಕ ಚಂದ, ರೊಟ್ಟಿಗಲ್ಲ. ಸಂದಿನ್ಯಾಗ ಹಿಟ್ಟು ಕೂಡತೈತಿ."

"ಜೋಡಸು."

"ನಿನಗ ಬೇಕಾಗಿದ್ದು ರೊಟ್ಟಿ ಹಲಗೀನೋ, ನೆಗೆಣ್ಣಿ ಮಾರಿ ಮುಂದ ಹಿಡಿಯೂ ಕನ್ನಡಿನೋ?"

ರಂಜಾನಬಿ ಗೇಣು ಹಾಕಿ ಅಗಲ ತೋರಿಸಿದಳು. ಹಲಗೆ ಬಂದ ದಿನ ಜಾಲಿ ಹಲಗೆ ದನದ ಮನೆ ಸೇರಿ ಹಿಂಡಿಯ ಗಡಿಗೆಗೆ ಮುಚ್ಚಳವಾಯಿತು. ಹೊಸದು ಸುಗರಾಳ ಹಲಗೆಯಷ್ಟು ಹೊಳೆಯುತ್ತಿಲ್ಲವೆಂದು ಮೂರು ಸಲ ಕುಸುಬಿ ಎಣ್ಣೆ ತಿಕ್ಕಿದಳು. ಒಣಹಿಟ್ಟಿನ ಮೇಲೆ ತಿರುಗಬೇಕಾದ ರೊಟ್ಟಿಗೆ ಎಣ್ಣೆ ಆಗದೆಂದು ಆ ಸೀಮೆಯ ಏಳು ವರ್ಷದ ಹುಡುಗಿಗೂ ಗೊತ್ತು. ಅವಳಿಗೆ ಗೊತ್ತಿರಲಿಲ್ಲವೇ? ಅಂದು ಅವಳಿಗೆ ಬೇಕಾಗಿದ್ದುದು ಹೊಳಪು ಮಾತ್ರ.

ಮರುದಿನ ಇಳಕಲ್ಲಿನಿಂದ ಬೀಗರು ಬಂದರು. ಮಾವನ ಮಾತನ್ನು ಮರಳಿ ಗೆಲ್ಲಲು ಇದಕ್ಕಿಂತ ಒಳ್ಳೆಯ ದಿನವಿರಲಿಲ್ಲ.

"ಇವತ್ತಿನ ರೊಟ್ಟಿ ಎಲ್ಲಾ ನಾನ ಬಡೀತೇನಿ. ನೀ ಪಲ್ಯಾ ನೋಡು," ಎಂದು ಸುಗರಾಳನ್ನು ಆಚೆ ಸರಿಸಿದಳು.

ಉದುರಿಸಿದ ಹಿಟ್ಟು ಎಣ್ಣೆ ಕುಡಿದು ಗಂಟಾಯಿತು. ರೊಟ್ಟಿ ತಿರುಗಲಿಲ್ಲ. ಎತ್ತಿದರೆ ಜೋಡಿಸಿದ ಸಂದಿಗೆ ಸರಿಯಾಗಿ ಹರಿಯಿತು. ಎರಡನೆಯದೂ ಹರಿಯಿತು, ಮೂರನೆಯದೂ. ಹೊರಗೆ ಬೀಗರು ಕೈ ತೊಳೆಯುತ್ತಿದ್ದರು.

ಸುಗರಾ ಎದ್ದು ಹೋಗಿ ಜಾಲಿ ಹಲಗೆಯನ್ನು ತಂದಳು. ತೊಳೆದು, ಸೆರಗಿನಿಂದ ಒರೆಸಿದಳು. "ತಗೋ ಅಕ್ಕಾ."

"ನಗಾಕ ಬಂದಿಯೇನು?"

"ನಗಾಕ ಪುರುಸೊತ್ತೆಲ್ಲೈತಿ, ಹಂಚು ಕಾದೈತಿ." ಕೊಡುವ ಮುಂಚೆ ಅವಳ ಹೆಬ್ಬೆರಳು ಆ ತಗ್ಗಿನ ಮೇಲೆ ಒಮ್ಮೆ ಆಡಿತು, ಬೇರೆಯವರ ಒಡವೆಯನ್ನು ಮುಟ್ಟಿ ನೋಡುವ ಹಾಗೆ. "ಇದರಾಗ ರೊಟ್ಟಿ ತಾನ ತಿರಗತೈತಿ. ನನ್ನ ಹಲಗಿಗೆ ಈ ತಗ್ಗು ಬೀಳಾಕ ಎಷ್ಟು ವರ್ಷ ಬೇಕೋ."

ಆ ದನಿಯಲ್ಲಿದ್ದ ಉರಿ ರಂಜಾನಬಿಗೆ ಹೊಸದಾಗಿರಲಿಲ್ಲ. ಅವಳು ಜಾಲಿ ಹಲಗೆಯ ಮೇಲೆ ನಲವತ್ತು ರೊಟ್ಟಿ ಬಡಿದಳು.

ಅಹ್ಮದಸಾಬ ಮೊದಲನೆಯದನ್ನು ಮುರಿದು ಬೀಗರಿಗೆ ತೋರಿಸಿದ. "ನೋಡ್ರಿ, ಇದು ನಮ್ಮ ಸಣ್ಣ ಸೊಸಿ ಕೈ. ಸಾಗವಾನಿ ಹಲಗಿ ರೊಟ್ಟಿನ ಬ್ಯಾರೆ."

ಬಾಗಿಲ ಹಿಂದೆ ಇಬ್ಬರೂ ಕೇಳಿಸಿಕೊಂಡರು. 'ನಂದಲ್ಲ' ಎಂದು ಸುಗರಾ ಹೇಳುತ್ತಾಳೇನೋ ಎಂದು ರಂಜಾನಬಿ ಕಾದಳು. ಸುಗರಾ ತಲೆ ತಗ್ಗಿಸಿ ಪಲ್ಯ ಬಡಿಸಿಕೊಟ್ಟಳು. ಸಿಕ್ಕ ಮಾತನ್ನು ಯಾರು ಬಿಡುತ್ತಾರೆ?

ಮುದುಕನಿಗೆ ಯಾರ ಕೈಯ ರುಚಿಯೂ ತಿಳಿಯುತ್ತಿರಲಿಲ್ಲ. ಹದಿನೆಂಟು ವರ್ಷವೂ ತಿಳಿದಿರಲಿಲ್ಲ. ಆಗ ಮನೆಯಲ್ಲಿ ಇದ್ದದ್ದು ಒಂದೇ ಕೈ. ಇದು ರಂಜಾನಬಿಗೆ ಅಂದೇ ಅರ್ಥವಾಯಿತು. ಆದರೂ ಹೊಟ್ಟೆಯ ಉರಿ ಇಳಿಯಲಿಲ್ಲ. ಮುದುಕ ಮಣ್ಣಾದ ಮೇಲೂ ಆ ಇಬ್ಬರು ಹೆಂಗಸರು ಒಂದೇ ಒಲೆಯ ಎರಡು ಬದಿ ಕುಳಿತು, ಒಬ್ಬರ ಹಲಗೆಯನ್ನು ಒಬ್ಬರು ಓರೆಗಣ್ಣಿನಿಂದ ನೋಡುತ್ತಲೇ ಮುಪ್ಪಾದರು.

ತಟ್ಟೆಯ ಮುಂದೆ ಕುಳಿತು ಒಬ್ಬಳ ರೊಟ್ಟಿಯನ್ನು ಇನ್ನೊಬ್ಬಳ ರೊಟ್ಟಿಯ ಜೊತೆ ತೂಗುವವರೇ, ಏಳಿ. ಒಳಗೆ ಹೋಗಿ ಹಲಗೆಯ ಮುಂದೆ ಕುಳಿತು ಒಂದೇ ಒಂದು ರೊಟ್ಟಿ ಬಡಿಯಿರಿ. ಆಮೇಲೆ ಬಾಯಿ ತೆರೆಯಿರಿ.